ಕಡಲ ತೀರದಿಂದ ಮರಳಿದ ಮೇಲೆ ಮನೆ ಬೇಡವೆನಿಸುವುದು ಕಾಯಿಲೆಯೇ?

ಪ್ರಶ್ನೆ: ನಾವು ಚಿಕ್ಕಮಗಳೂರಿನವರು. ನಾನು ಪ್ರೌಢಶಾಲಾ ಶಿಕ್ಷಕಿ, ನಮ್ಮ ಯಜಮಾನರು ಬ್ಯಾಂಕಿನಲ್ಲಿದ್ದಾರೆ. ಮಗನಿಗೆ 14, ಮಗಳಿಗೆ 9 ವರ್ಷ. ಪ್ರತಿ ವರ್ಷ ವಿಜಯದಶಮಿ ಮುಗಿಸಿಕೊಂಡು ಕಾಪುವಿನ ಹತ್ತಿರ ಪರಿಚಯದವರ ಮನೆಯಲ್ಲಿ ಒಂದು ವಾರ ಇದ್ದು ಬರುತ್ತೇವೆ. ಅತ್ತೆಯವರಿಗೆ ಮಂಡಿನೋವು ಇರುವುದರಿಂದ ಆ ವಾರ ಮೈದುನನ ಮನೆಯಲ್ಲಿರುತ್ತಾರೆ. ಅಲ್ಲಿ ಬೆಳಗಿನ ಕಾಫಿಯನ್ನು ಯಜಮಾನರೇ ಮಾಡುತ್ತಾರೆ, ಮಕ್ಕಳು ಜಗಳವಾಡುವುದಿಲ್ಲ, ನಾವೆಲ್ಲ ಬೇರೆಯೇ ಜನರಂತೆ ಇರುತ್ತೇವೆ. ಈ ಸಲ ಭಾನುವಾರ ಹೊರಡುವಾಗ ಮಗಳು ಕಾರು ಹತ್ತದೆ ಅತ್ತಳು. ಆಗುಂಬೆ ಘಾಟಿಯಲ್ಲಿ ಎರಡು ಬಾರಿ ವಾಂತಿ ಮಾಡಿದಳು. ಮನೆ ಸೇರಿದಾಗ ರಾತ್ರಿ ಹತ್ತು ಗಂಟೆ. ಸೋಮವಾರ ಹೊಟ್ಟೆನೋವೆಂದು ಶಾಲೆಗೆ ಹೋಗಲಿಲ್ಲ. ಆ ಬಳಿಕವೂ ವಾರದಲ್ಲಿ ಎರಡು ದಿನ ಅದೇ ಮಾತು. ನೋಟ್‌ಬುಕ್ಕಿನ ತುಂಬ ಕಾಪುವಿನ ದೀಪಸ್ತಂಭವನ್ನೇ ಬರೆಯುತ್ತಾಳೆ. ಮಗ ಒಂಬತ್ತರವರೆಗೆ ಮಲಗಿರುತ್ತಾನೆ, ಮಾತನಾಡಿಸಿದರೆ ಸಿಡುಕುತ್ತಾನೆ. ನಾನೂ ಚೀಲಗಳನ್ನು ನಾಲ್ಕು ದಿನ ಬಿಚ್ಚಲಿಲ್ಲ. ಮೌಲ್ಯಮಾಪನ ಮಾಡದ ಉತ್ತರ ಪತ್ರಿಕೆಗಳ ಕಟ್ಟನ್ನು ನೋಡಿದರೆ ಅಳು ಬರುತ್ತಿತ್ತು. ಅತ್ತೆಯವರು ದೃಷ್ಟಿಯಾಗಿದೆ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿದರು. ಮಕ್ಕಳಿಗೆ ಮುದ್ದು ಹೆಚ್ಚಾಗಿದೆ, ಮುಂದಿನ ವರ್ಷ ಹೋಗುವುದೇ ಬೇಡ ಎಂದು ಯಜಮಾನರು ಹೇಳುತ್ತಾರೆ. ಸಮುದ್ರದ ಗಾಳಿಯಲ್ಲಿ ಓಝೋನ್ ಇರುತ್ತದೆ, ಅದಕ್ಕೇ ಅಲ್ಲಿ ಮನಸ್ಸು ಹಗುರವಾಗುತ್ತದೆ ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ಹಾಗಾದರೆ ಉಡುಪಿಯ ಕಡೆಗೆ ವರ್ಗಾವಣೆ ಕೇಳಬೇಕೇ? ಇದು ಖಿನ್ನತೆಯೇ? ನನಗೆ ನನ್ನ ಮನೆಯ ಮೇಲೆಯೇ ಪ್ರೀತಿ ಇಲ್ಲವೇ? ಮುಂದಿನ ವರ್ಷದ ದಿನಾಂಕವನ್ನು ಈಗಲೇ ಹೇಳು ಎಂದು ಮಗಳು ಪೀಡಿಸುತ್ತಿದ್ದಾಳೆ, ಹೇಳಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ, ಮನೆಯ ಮೇಲೆ ಪ್ರೀತಿ ಇಲ್ಲವೇ ಎಂಬುದೇ ನಿಮ್ಮನ್ನು ಹೆಚ್ಚು ಕಾಡುತ್ತಿರುವಂತಿದೆ, ಆದ್ದರಿಂದ ಅದನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ರಜೆಯಿಂದ ಮರಳಲು ಮನಸ್ಸಾಗದಿರುವುದು ಮನೆಯ ಮೇಲಿನ ಪ್ರೀತಿಯನ್ನು ಅಳೆಯುವ ಅಳತೆಗೋಲಲ್ಲ. ನೀವಿರುವ ಊರಿಗೇ ಪ್ರತಿ ವಾರ ಬೆಂಗಳೂರಿನಿಂದ ಸಾವಿರಾರು ಜನ ಬಂದು, ಮುಳ್ಳಯ್ಯನಗಿರಿಯನ್ನೂ ಬಾಬಾಬುಡನ್‌ಗಿರಿಯನ್ನೂ ನೋಡಿ, ಭಾನುವಾರ ಸಂಜೆ ಇಂಥದೇ ಭಾರವಾದ ಮನಸ್ಸಿನಿಂದ ಕಾರು ಹತ್ತುತ್ತಾರೆ. ಅವರು ಬಿಟ್ಟುಹೋಗಲು ಒಲ್ಲದ ಊರಿಗೆ ಮರಳಲು ನೀವು ಒಲ್ಲಿರಿ. ಕರಾವಳಿಯಲ್ಲಿ ಕೆಲಸ ಮಾಡುವ ನನ್ನ ಸಹೋದ್ಯೋಗಿಗಳು ಮಲೆನಾಡಿನ ಹೋಂಸ್ಟೇಯಿಂದ ಮರಳಿ ಮಂಕಾದವರ ಕಥೆಗಳನ್ನು ಹೇಳುತ್ತಾರೆ. ಇದರಲ್ಲಿ ಊರಿನ ಪಾಲು ಕಡಿಮೆ, ನೀವು ಅಲ್ಲಿ ಬದುಕಿದ ರೀತಿಯ ಪಾಲು ಹೆಚ್ಚು.

ಇದು ಖಿನ್ನತೆಯೇ ಎಂದು ಕೇಳಿದ್ದೀರಿ. ರಜೆಯ ನಂತರದ ಬೇಸರವೆಂಬ ಹೆಸರಿನ ಕಾಯಿಲೆ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದಲ್ಲಿ ಇಲ್ಲ. ಖಿನ್ನತೆ ಎನ್ನಬೇಕಾದರೆ ಮನಸ್ಸಿನ ಕುಗ್ಗುವಿಕೆಯೋ ಎಲ್ಲದರಲ್ಲಿಯೂ ನಿರಾಸಕ್ತಿಯೋ ದಿನದ ಬಹುಪಾಲು, ಹೆಚ್ಚುಕಡಿಮೆ ಪ್ರತಿದಿನ, ಕನಿಷ್ಠ ಎರಡು ವಾರ ಇರಬೇಕು; ಅದರ ಜೊತೆಗೆ ನಿದ್ರೆ, ಹಸಿವು, ಏಕಾಗ್ರತೆ, ಆತ್ಮವಿಶ್ವಾಸ ಇವುಗಳಲ್ಲಿ ಹಲವು ಕೆಟ್ಟಿರಬೇಕು. ನೀವು ಚೀಲ ಬಿಚ್ಚದಿದ್ದದ್ದು ನಾಲ್ಕು ದಿನ. ಆ ದಿನಗಳಲ್ಲಿಯೂ ಅಡುಗೆ ಮಾಡಿದ್ದೀರಿ, ಪಾಠ ಮಾಡಿದ್ದೀರಿ, ಮಗಳ ಹೊಟ್ಟೆನೋವನ್ನು ಗಮನಿಸಿದ್ದೀರಿ. ಪತ್ರದಿಂದ ತಿಳಿಯುವಷ್ಟರ ಮಟ್ಟಿಗೆ ಇದು ಖಿನ್ನತೆಯಂತೆ ಕಾಣುವುದಿಲ್ಲ.

ಅತ್ತೆಯವರು ದೃಷ್ಟಿ ತೆಗೆದದ್ದರಿಂದ ಹಾನಿಯೇನೂ ಆಗಿಲ್ಲ. ಮೊಮ್ಮಗಳನ್ನು ಒಂದು ವಾರ ಕಾಣದಿದ್ದ ಅಜ್ಜಿ ಅವಳನ್ನು ಎದುರಿಗೆ ಕೂರಿಸಿಕೊಂಡದ್ದು ಒಳ್ಳೆಯದೇ. ಹೊಟ್ಟೆನೋವಿಗೆ ಅದೇ ಪರಿಹಾರವೆಂದು ಸುಮ್ಮನಾದರೆ ಮಾತ್ರ ನಿಜವಾದ ಕಾರಣ ಹಿಂದೆ ಸರಿಯುತ್ತದೆ.

ಓಝೋನ್ ಕಥೆ ಬಹಳ ಹಳೆಯದು, ಹತ್ತೊಂಬತ್ತನೆಯ ಶತಮಾನದ ಯೂರೋಪಿನಿಂದ ಹರಡಿದ್ದು. ಕಡಲ ತೀರದಲ್ಲಿ ಮೂಗಿಗೆ ಬರುವ ವಾಸನೆ ಮುಖ್ಯವಾಗಿ ಡೈಮೀಥೈಲ್ ಸಲ್ಫೈಡ್ ಎಂಬ ಗಂಧಕದ ಸಂಯುಕ್ತದ್ದು. ನೀರಿನಲ್ಲಿರುವ ಸೂಕ್ಷ್ಮಜೀವಿಗಳಿಂದ ಅದು ಹುಟ್ಟುತ್ತದೆ. ನೆಲಮಟ್ಟದಲ್ಲಿ ಓಝೋನ್ ಹೆಚ್ಚಾದರೆ ಶ್ವಾಸಕೋಶಕ್ಕೆ ಕಿರಿಕಿರಿಯೇ ಹೊರತು ಲಾಭವಿಲ್ಲ. ನೀರಿನ ಹತ್ತಿರ ಇರುವುದರಿಂದ ಮನಸ್ಸಿಗೆ ಏನೂ ಆಗುವುದಿಲ್ಲವೆಂದು ನಾನು ಹೇಳುತ್ತಿಲ್ಲ. ಇಂಗ್ಲೆಂಡಿನಲ್ಲಿ ಒಂದೇ ಕುಟುಂಬಗಳನ್ನು ವರ್ಷಾನುಗಟ್ಟಲೆ ಹಿಂಬಾಲಿಸಿದ ಅಧ್ಯಯನವೊಂದರಲ್ಲಿ, ಕಡಲಿಗೆ ಹತ್ತಿರ ವಾಸವಾಗಿದ್ದ ವರ್ಷಗಳಲ್ಲಿ ಜನರು ತಮ್ಮ ಆರೋಗ್ಯ ಸ್ವಲ್ಪ ಉತ್ತಮವಾಗಿದೆ ಎಂದು ಹೇಳಿಕೊಂಡದ್ದು ಕಂಡುಬಂದಿದೆ. ಆದರೆ ಆ ವ್ಯತ್ಯಾಸ ಬಹಳ ಚಿಕ್ಕದು, ಒಂದು ಸಂಸಾರವನ್ನೇ ಕಿತ್ತು ಬೇರೆ ಊರಿನಲ್ಲಿ ನೆಡುವಷ್ಟು ದೊಡ್ಡದಲ್ಲ.

ಘಾಟಿಯಲ್ಲಿ ಆದ ವಾಂತಿಯನ್ನು ದುಃಖದ ಲೆಕ್ಕಕ್ಕೆ ಬರೆಯಬೇಡಿ. ತಿರುವುಗಳಲ್ಲಿ ಒಳಗಿವಿಯು ದೇಹ ಚಲಿಸುತ್ತಿದೆ ಎನ್ನುತ್ತದೆ, ಕಾರಿನ ಒಳಭಾಗವನ್ನೇ ನೋಡುತ್ತಿರುವ ಕಣ್ಣು ಇಲ್ಲ ಎನ್ನುತ್ತದೆ. ಈ ಗೊಂದಲದಿಂದಲೇ ಹೊಟ್ಟೆ ತೊಳಸುತ್ತದೆ. ನಿಮ್ಮ ಮಗಳ ವಯಸ್ಸಿನ ಆಸುಪಾಸಿನಲ್ಲಿ ಈ ತೊಂದರೆ ಅತಿ ಹೆಚ್ಚು. ಅತ್ತು, ತಲೆ ಬಗ್ಗಿಸಿಕೊಂಡು, ಮೊಬೈಲಿನಲ್ಲಿ ಕಡಲಿನ ಚಿತ್ರಗಳನ್ನು ನೋಡುತ್ತ ಆಗುಂಬೆ ಹತ್ತಿದರೆ ದೊಡ್ಡವರಿಗೂ ವಾಂತಿಯಾಗುತ್ತದೆ. ಘಾಟಿಯ ಬುಡದಲ್ಲಿರುವ ಸೋಮೇಶ್ವರದಲ್ಲಿ ಇಳಿದು ಸ್ವಲ್ಪ ನಡೆದಾಡಿ, ಹೊಟ್ಟೆ ತುಂಬ ತಿನ್ನಿಸದೆ, ದೂರದ ರಸ್ತೆ ಕಾಣುವಂತೆ ಕೂರಿಸಿ ಕರೆತನ್ನಿ. ಪ್ರತಿ ಸಲವೂ ಹೀಗಾಗುವುದಾದರೆ ಹೊರಡುವ ಮೊದಲು ಕೊಡಬಹುದಾದ ಮಾತ್ರೆಯ ಬಗ್ಗೆ ಮಕ್ಕಳ ವೈದ್ಯರನ್ನು ಕೇಳಿ. ದೊಡ್ಡವರ ಮಾತ್ರೆಯನ್ನು ಅರ್ಧ ಮಾಡಿ ಕೊಡಬೇಡಿ.

ಇನ್ನು ಮುದ್ದಿನ ಮಾತು. ಅಳುವ ಮಗುವನ್ನು ಕಂಡು ಮುದ್ದು ಹೆಚ್ಚಾಯಿತು ಎನ್ನುವ ತಂದೆ ಬಹುಮಟ್ಟಿಗೆ ತನ್ನ ಬೇಸರವನ್ನೂ ಅದೇ ಮಾತಿನಲ್ಲಿ ಅದುಮುತ್ತಿರುತ್ತಾರೆ. ನಿಮ್ಮ ಯಜಮಾನರಿಗೆ ಮರಳುವುದು ಸುಲಭವಾಗಿತ್ತೇ ಎಂಬುದನ್ನು ನೀವು ಬರೆದಿಲ್ಲ. ಕೇಳಿ ನೋಡಿ.

ಹಾಗಾದರೆ ನಿಜವಾದ ಕಾರಣಗಳೇನು? ಮೊದಲನೆಯದು ನಿರೀಕ್ಷೆ ಮುಗಿದುಹೋಗುವುದು. ನೆದರ್ಲೆಂಡ್ಸಿನಲ್ಲಿ 1,530 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದಿಷ್ಟು: ಪ್ರವಾಸಕ್ಕೆ ಹೊರಡುವವರು ಹೊರಡುವ ಮೊದಲು ಇತರರಿಗಿಂತ ಹೆಚ್ಚು ಸಂತೋಷವಾಗಿದ್ದರು, ಮರಳಿದ ಮೇಲೆ ಬಹುತೇಕರಲ್ಲಿ ಆ ವ್ಯತ್ಯಾಸ ಉಳಿಯಲಿಲ್ಲ. ರಜೆಯು ಅತ್ಯಂತ ನಿರಾಳವಾಗಿತ್ತು ಎಂದವರಲ್ಲಿ ಮಾತ್ರ ಮೊದಲ ಕೆಲವು ವಾರ ಸ್ವಲ್ಪ ಉಳಿದು, ನಂತರ ಅದೂ ಕರಗಿತು. ಕೆಲಸಕ್ಕೆ ಮರಳಿದ ಮೇಲೆ ರಜೆಯ ಲಾಭ ಕೆಲವೇ ವಾರಗಳಲ್ಲಿ ಆರಿಹೋಗುತ್ತದೆ ಎಂದು ಇತರ ಸಂಶೋಧನೆಗಳೂ ಹೇಳುತ್ತವೆ. ಆದ್ದರಿಂದ ನಿಮ್ಮ ಮನೆಯಲ್ಲಿ ನಡೆದದ್ದು ವಿಚಿತ್ರವಲ್ಲ. ಜೂನ್ ತಿಂಗಳಿಂದ ಕಾದಿದ್ದ ಒಂದು ವಾರ ಮುಗಿದಿದೆ, ಮತ್ತೆ ಕಾಯಲು ಎದುರಿಗೆ ಏನೂ ಇಲ್ಲ ಎಂದು ನಿಮ್ಮ ಮಗಳಿಗೆ ಅನಿಸಿದೆ, ಅಷ್ಟೆ.

ಎರಡನೆಯದು ದೇಹದ ಗಡಿಯಾರ. ಕಡಲ ತೀರದಲ್ಲಿ ಮಕ್ಕಳು ತಡವಾಗಿ ಮಲಗಿ ತಡವಾಗಿ ಏಳುತ್ತಾರೆ. ಅದನ್ನು ಹಿಂದಕ್ಕೆ ತರಲು ದಿನಕ್ಕೆ ಸುಮಾರು ಒಂದು ಗಂಟೆಯಷ್ಟು ಮಾತ್ರ ಸಾಧ್ಯ, ಹದಿಹರೆಯದವರಲ್ಲಿ ಇನ್ನೂ ನಿಧಾನ. ಅವರಿಗೆ ರಾತ್ರಿ 8ರಿಂದ 10 ಗಂಟೆಗಳ ನಿದ್ರೆ ಬೇಕು. ನಿಮ್ಮ ಮಗಳ ವಯಸ್ಸಿಗೆ 9ರಿಂದ 12 ಗಂಟೆ. ಭಾನುವಾರ ರಾತ್ರಿ ಹತ್ತಕ್ಕೆ ಮನೆ ಸೇರಿ, ಊಟ ಮಾಡಿ ಮಲಗುವಾಗ ಹನ್ನೊಂದೂವರೆಯಾದರೆ, ಸೋಮವಾರ ಬೆಳಿಗ್ಗೆ ಏಳುವ ಮಕ್ಕಳಿಗೆ ಕಡಲಿನ ನೆನಪಿಲ್ಲದಿದ್ದರೂ ಅಳು ಬರುತ್ತದೆ. ನಿಮ್ಮ ಮಗನ ಸಿಡುಕಿಗೆ ಬಹುಶಃ ಇದಕ್ಕಿಂತ ದೊಡ್ಡ ಕಾರಣವಿಲ್ಲ. ದಿನವೂ ಒಂದಿಷ್ಟು ಮುಂಚೆ ಎಬ್ಬಿಸಿ, ಎದ್ದ ಕೂಡಲೇ ಹೊರಗಿನ ಬೆಳಕಿಗೆ ಕಳುಹಿಸಿ, ರಾತ್ರಿ ಮೊಬೈಲನ್ನು ಮಲಗುವ ಕೋಣೆಯಿಂದ ಹೊರಗಿಡಿಸಿ.

ಮೂರನೆಯ ಕಾರಣವನ್ನು ನೀವೇ ಬರೆದಿದ್ದೀರಿ, ಆದರೆ ಅದನ್ನು ಕಾರಣವೆಂದು ಎಣಿಸಿಲ್ಲ. ಅಲ್ಲಿ ಬೆಳಗಿನ ಕಾಫಿಯನ್ನು ಯಜಮಾನರು ಮಾಡುತ್ತಾರೆ. ಇಲ್ಲಿ ಐದು ಜನರ ಕಾಫಿ, ತಿಂಡಿ, ಮಕ್ಕಳ ಡಬ್ಬಿ, ಅತ್ತೆಯವರ ಔಷಧಿ, ಶಾಲೆ, ಸಂಜೆಯ ಅಡುಗೆ ಮತ್ತು ಈಗ ಉತ್ತರ ಪತ್ರಿಕೆಗಳ ಕಟ್ಟು, ಎಲ್ಲವೂ ನಿಮ್ಮವು. ರಜೆಯ ನಂತರ ಮನಸ್ಸು ಕುಗ್ಗಿತೆಂದು ಹಾಸನದಲ್ಲಿ ನನ್ನ ಬಳಿ ಹೇಳಿಕೊಳ್ಳುವ ಹೆಣ್ಣುಮಕ್ಕಳಲ್ಲಿ ಅನೇಕರ ಮಾತು ಹೀಗೇ ಎಲ್ಲೋ ಅಡುಗೆಮನೆಗೆ ಬಂದು ನಿಲ್ಲುತ್ತದೆ. ಅವರು ಸಮುದ್ರವನ್ನೋ ಬೆಟ್ಟವನ್ನೋ ತವರನ್ನೋ ನೆನೆಸಿಕೊಂಡು ಅಳುತ್ತಾರೆ; ಸ್ವಲ್ಪ ಹೊತ್ತು ಮಾತನಾಡಿದ ಮೇಲೆ, ಯಾರೋ ಮಾಡಿಕೊಟ್ಟದ್ದನ್ನು ಕುಳಿತು ಕುಡಿದ ಬೆಳಗನ್ನು ನೆನೆಸಿಕೊಳ್ಳುತ್ತಿದ್ದಾರೆ ಎಂದು ತಿಳಿಯುತ್ತದೆ. ಇದರಲ್ಲಿ ತಪ್ಪಿತಸ್ಥ ಭಾವನೆಗೆ ಆಸ್ಪದವಿಲ್ಲ. ಮನೆಯನ್ನು ಪ್ರೀತಿಸುವುದು ಬೇರೆ, ಮನೆಯ ಕೆಲಸವನ್ನೆಲ್ಲ ಒಬ್ಬರೇ ಹೊರುವುದು ಬೇರೆ. ಒಂದರ ದಣಿವನ್ನು ಇನ್ನೊಂದರ ಕೊರತೆಯೆಂದು ನೀವು ಓದಿಕೊಂಡಿದ್ದೀರಿ.

ಆ ವಾರದಲ್ಲಿ ನಿಮಗೆ ನಿಜಕ್ಕೂ ಇಷ್ಟವಾದದ್ದು ಯಾವುದು ಎಂಬುದನ್ನು ನಾಲ್ವರೂ ಬೇರೆ ಬೇರೆ ಚೀಟಿಗಳಲ್ಲಿ ಬರೆದು ನೋಡಿ. ಅಲೆ, ಮರಳು, ಮೀನುಗಾರರ ದೋಣಿಗಳನ್ನು ಚಿಕ್ಕಮಗಳೂರಿಗೆ ತರಲಾಗದು. ಅವು ಅಲ್ಲಿಯೇ ಇರಲಿ, ಅವುಗಳಿಗಾಗಿ ಮತ್ತೆ ಹೋಗಬಹುದು. ಆದರೆ ಅಪ್ಪ ಮಾಡುವ ಕಾಫಿ, ಊಟದ ಹೊತ್ತಿನಲ್ಲಿ ಯಾರ ಕೈಯಲ್ಲಿಯೂ ಮೊಬೈಲ್ ಇಲ್ಲದಿರುವುದು, ಸಂಜೆ ಎಲ್ಲರೂ ಒಟ್ಟಿಗೆ ನಡೆಯುವುದು, ಇಂಥವೂ ಆ ಚೀಟಿಗಳಲ್ಲಿ ಬರುತ್ತವೆ. ಅವುಗಳಲ್ಲಿ ಒಂದನ್ನು, ಒಂದನ್ನೇ, ಮನೆಯ ವಾಡಿಕೆ ಮಾಡಿಕೊಳ್ಳಿ. ನನ್ನನ್ನು ಕೇಳಿದರೆ ವಾರಕ್ಕೆರಡು ದಿನವಾದರೂ ಯಜಮಾನರ ಕಾಫಿಯಿಂದ ಆರಂಭಿಸಿ ಎನ್ನುತ್ತೇನೆ. ಇದರಲ್ಲಿಯೂ ಒಂದು ಅಪಾಯವಿದೆ: ಅತ್ತೆಯವರ ಎದುರಿಗೆ ಮಗ ಅಡುಗೆಮನೆ ಹೊಕ್ಕರೆ ಮಾತು ಬರಬಹುದು. ಆ ಮಾತಿಗೆ ಉತ್ತರಿಸುವ ಹೊಣೆ ಅವರ ಮಗನದಾಗಿರಲಿ, ನಿಮ್ಮದಲ್ಲ.

ಮಗಳ ಹೊಟ್ಟೆನೋವಿಗೆ ಬರುತ್ತೇನೆ; ಪತ್ರದಲ್ಲಿ ನಾನು ಅತಿ ಹೆಚ್ಚು ಗಮನವಿಟ್ಟು ಓದಿದ ಭಾಗ ಅದು. ಮೊದಲು ಮಕ್ಕಳ ವೈದ್ಯರಿಗೆ ಒಮ್ಮೆ ತೋರಿಸಿ. ಪ್ರವಾಸದ ನೀರು ಆಹಾರಗಳಿಂದ ಹೊಟ್ಟೆ ಕೆಟ್ಟಿರಬಹುದು, ಮಲಬದ್ಧತೆ ಇರಬಹುದು. ಜ್ವರ, ತೂಕ ಇಳಿಯುವುದು, ರಾತ್ರಿ ನಿದ್ರೆಯಿಂದ ಎಬ್ಬಿಸುವ ನೋವು, ಮಲದಲ್ಲಿ ರಕ್ತ ಇವುಗಳಲ್ಲಿ ಒಂದಿದ್ದರೂ ತಡಮಾಡಬಾರದು. ಪರೀಕ್ಷೆಯಲ್ಲಿ ಏನೂ ಕಾಣದಿದ್ದರೆ ನೋವು ಸುಳ್ಳೆಂದು ಅರ್ಥವಲ್ಲ. ಆತಂಕಗೊಂಡ ಮಗುವಿನ ಹೊಟ್ಟೆ ನಿಜವಾಗಿಯೂ ನೋಯುತ್ತದೆ. ನಾಟಕವಾಡಬೇಡ ಎಂದು ಗದರಿಸಿದರೆ ಅವಳು ನೋವನ್ನು ಹೇಳುವುದನ್ನು ಬಿಡಬಹುದು, ನೋವು ಅವಳನ್ನು ಬಿಡುವುದಿಲ್ಲ.

ಆದರೆ ಆ ಆತಂಕ ಕಡಲಿಗೆ ಸಂಬಂಧಿಸಿದ್ದೇ? ನೀವು ಶಿಕ್ಷಕಿ, ನಿಮಗೆ ಹೇಳಬೇಕಾಗಿಲ್ಲ: ದಸರಾ ರಜೆಗೆ ಮೊದಲು ಅರ್ಧವಾರ್ಷಿಕ ಪರೀಕ್ಷೆ ಮುಗಿದಿರುತ್ತದೆ, ಶಾಲೆ ಮತ್ತೆ ಆರಂಭವಾದ ದಿನಗಳಲ್ಲಿ ಉತ್ತರ ಪತ್ರಿಕೆಗಳನ್ನು ಹಂಚುತ್ತಾರೆ. ನೀವು ಮೌಲ್ಯಮಾಪನ ಮಾಡುತ್ತಿರುವ ಕಟ್ಟಿನಂಥದೇ ಒಂದು ಕಟ್ಟು ಅವಳ ತರಗತಿಯ ಮೇಜಿನ ಮೇಲೂ ಇದೆ. ಹೊಟ್ಟೆನೋವು ಬಂದ ಆ ಎರಡು ದಿನಗಳು ಯಾವುವು, ಅಂದು ಯಾವ ವಿಷಯದ ತರಗತಿ ಇತ್ತು, ಶನಿವಾರ ಮಧ್ಯಾಹ್ನ ನೋವು ತಾನಾಗಿ ಹೋಯಿತೇ, ಕಡಲಿಗೆ ಹೋಗದ ಬೇಸಿಗೆ ರಜೆಯ ನಂತರವೂ ಹೀಗಾಗಿತ್ತೇ ಎಂಬುದನ್ನು ನೋಡಿ. ನೋವು ಶಾಲೆಯ ದಿನಗಳಿಗೇ, ಅದರಲ್ಲಿಯೂ ಕೆಲವೇ ದಿನಗಳಿಗೆ ಅಂಟಿಕೊಂಡಿದ್ದರೆ ಅಂಕಗಳ ಭಯ, ಜೊತೆಯವರ ಕೀಟಲೆ, ಯಾರೋ ಶಿಕ್ಷಕರ ಬೈಗುಳ, ಶಾಲಾ ವಾಹನದಲ್ಲಿ ನಡೆಯುವ ಏನಾದರೂ ಸಂಗತಿ, ಇವುಗಳನ್ನು ವಿಚಾರಿಸಬೇಕು. ಕಡಲಿಗಾಗಿ ಅಳುವುದು ಮಕ್ಕಳಿಗೆ ಸುಲಭ, ಏಕೆಂದರೆ ಅದಕ್ಕೆ ಯಾರೂ ಬೈಯುವುದಿಲ್ಲ. ಗಣಿತಕ್ಕಾಗಿ ಶಿಕ್ಷಕಿಯ ಮಗಳು ಅಳುವುದು ಅಷ್ಟು ಸುಲಭವಲ್ಲ.

ವಿಚಾರಿಸುವ ರೀತಿಯೂ ಮುಖ್ಯ. ಎದುರಿಗೆ ನಿಲ್ಲಿಸಿಕೊಂಡು ಏನಾಯಿತು ಹೇಳು ಎಂದರೆ ಏನೂ ಇಲ್ಲ ಎಂಬ ಉತ್ತರವೇ ಬರುತ್ತದೆ. ಬಟ್ಟೆ ಮಡಿಸುವಾಗ, ತಲೆ ಬಾಚುವಾಗ, ಅವಳು ದೀಪಸ್ತಂಭ ಬರೆಯುತ್ತಿರುವಾಗ ಪಕ್ಕದಲ್ಲಿ ಕುಳಿತು, ನಾಳೆ ಶಾಲೆಯಲ್ಲಿ ಯಾವ ಹೊತ್ತು ಬೇಗ ಮುಗಿದರೆ ಚೆನ್ನ ಎಂದು ಕೇಳಿ ನೋಡಿ. ಆ ಚಿತ್ರಗಳ ಬಗ್ಗೆ ಚಿಂತೆ ಬೇಡ. ಇಷ್ಟಪಟ್ಟದ್ದನ್ನು ಮಗು ಬರೆಯುತ್ತದೆ. ಈ ನಡುವೆ ವೈದ್ಯರು ಬೇಡವೆನ್ನದ ಹೊರತು ಶಾಲೆಗೆ ಕಳುಹಿಸುವುದನ್ನು ನಿಲ್ಲಿಸಬೇಡಿ. ಮನೆಯಲ್ಲಿ ಉಳಿದ ಪ್ರತಿ ದಿನವೂ ಮರುದಿನದ ಭಯವನ್ನು ಬೆಳೆಸುತ್ತದೆ. ಹೊಟ್ಟೆನೋವಿನ ದಿನ ಅಮ್ಮನ ಪಕ್ಕದಲ್ಲಿ ಟಿ.ವಿ. ನೋಡುವ ಅವಕಾಶ ಸಿಕ್ಕಿತೆಂದರೆ ಕಷ್ಟ ಇನ್ನೂ ಹೆಚ್ಚು. ತರಗತಿಯ ಶಿಕ್ಷಕರಿಗೆ ಮೊದಲೇ ತಿಳಿಸಿ, ನೋವು ಬಂದರೆ ಹತ್ತು ನಿಮಿಷ ಕೂರಲು ಜಾಗ ಕೊಡುವಂತೆ ಕೇಳಿಕೊಳ್ಳಿ. ಕೀಟಲೆಯೋ ಹೊಡೆತವೋ ಇದೆ ಎಂದು ತಿಳಿದರೆ ಮಾತ್ರ ಈ ಸಲಹೆ ಬದಲಾಗುತ್ತದೆ: ಮೊದಲು ಅದನ್ನು ನಿಲ್ಲಿಸಬೇಕು.

ಮುಂದಿನ ವರ್ಷದ ಬಗ್ಗೆ ನಿಮ್ಮ ಮುಂದಿರುವ ದಾರಿಗಳನ್ನು ನೋಡೋಣ. ಹೋಗುವುದನ್ನೇ ಬಿಡುವುದು ಯಜಮಾನರ ಸಲಹೆ. ಅದರಿಂದ ಅಳು ನಿಲ್ಲುತ್ತದೆ, ನಿಜ. ಆದರೆ ಅತ್ತದ್ದಕ್ಕೆ ಶಿಕ್ಷೆಯಾಗಿ ಸಂತೋಷವನ್ನು ಕಿತ್ತುಕೊಂಡರು ಎಂದು ಮಗಳು ತಿಳಿಯುತ್ತಾಳೆ. ಮುಂದೆ ಬೇಸರವಾದಾಗ ಹೇಳಿಕೊಳ್ಳುವುದಿಲ್ಲ. ನಾನು ಇದನ್ನು ಒಪ್ಪುವುದಿಲ್ಲ. ವರ್ಗಾವಣೆ ಕೇಳುವುದು ಇನ್ನೊಂದು ದಾರಿ. ಉದ್ಯೋಗ, ಮಕ್ಕಳ ಓದು, ಅತ್ತೆಯವರ ಆರೈಕೆ ಇವುಗಳ ದೃಷ್ಟಿಯಿಂದ ಉಡುಪಿ ನಿಮಗೆ ಅನುಕೂಲವೆನಿಸಿದರೆ ಖಂಡಿತ ಯೋಚಿಸಿ. ಬೇಸರ ಕಳೆಯುವುದಕ್ಕೆಂದು ಮಾತ್ರ ಕೇಳುವುದಾದರೆ ಬೇಡ. ಅಲ್ಲಿ ನೆಲೆಸಿದ ಮೇಲೆ ಅಲ್ಲಿಯೂ ಡಬ್ಬಿ ಕಟ್ಟಬೇಕು, ಟ್ಯೂಷನ್ನಿಗೆ ಬಿಡಬೇಕು. ಜೂನ್ ಜುಲೈ ತಿಂಗಳುಗಳಲ್ಲಿ ಕಡಲಿಗೆ ಇಳಿಯುವಂತೆಯೇ ಇಲ್ಲ. ಮೀನುಗಾರರ ಯಾಂತ್ರಿಕ ದೋಣಿಗಳೇ ಆಗ ದಡದಲ್ಲಿರುತ್ತವೆ. ನೀವು ಪ್ರೀತಿಸುವುದು ಅಕ್ಟೋಬರಿನ ಒಂದು ವಾರದ ಕಾಪುವನ್ನು, ಉಳಿದ ಐವತ್ತೊಂದು ವಾರಗಳ ಪರಿಚಯ ನಿಮಗೆ ಇಲ್ಲ. ವರ್ಗಾವಣೆ ಮಾಡಿಸಿಕೊಂಡೇ ಬಿಡಬೇಕೆನಿಸಿದರೆ ಅರ್ಜಿ ಹಾಕುವ ಮೊದಲು ಮಳೆಗಾಲದಲ್ಲಿ ಒಮ್ಮೆ ಅಲ್ಲಿದ್ದು ಬನ್ನಿ.

ನಾನು ಹೇಳುವ ದಾರಿ ಎಂದರೆ ಹೋಗಿ, ಆದರೆ ಮರಳುವುದನ್ನೂ ರಜೆಯ ಭಾಗವಾಗಿ ಯೋಜಿಸಿ. ಭಾನುವಾರ ರಾತ್ರಿಯ ಬದಲು ಶುಕ್ರವಾರ ಮಧ್ಯಾಹ್ನವೇ ಮನೆ ಸೇರುವಂತೆ ಹೊರಡಿ. ಕಡಲಿನಲ್ಲಿ ಎರಡು ದಿನ ಕಡಿಮೆಯಾಯಿತೆಂದು ಮಕ್ಕಳು ಗೊಣಗುತ್ತಾರೆ. ಆ ನಷ್ಟ ನಿಜವೇ, ಅದನ್ನು ಅಲ್ಲಗಳೆಯಬೇಡಿ. ಆದರೆ ಒಂದು ಅನುಭವವನ್ನು ಮನಸ್ಸು ಅದರ ಉದ್ದದಿಂದ ನೆನಪಿಡುವುದಿಲ್ಲ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನಮನ್ ಮತ್ತು ಅವರ ಜೊತೆಯವರು 1993ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಜನರು 14 ಡಿಗ್ರಿ ಸೆಲ್ಸಿಯಸ್ ತಣ್ಣೀರಿನಲ್ಲಿ ಒಮ್ಮೆ 60 ಸೆಕೆಂಡು ಕೈ ಇಟ್ಟಿದ್ದರು. ಇನ್ನೊಮ್ಮೆ ಅಷ್ಟೇ ಹೊತ್ತು ಇಟ್ಟು, ಮೇಲೆ 30 ಸೆಕೆಂಡು ಸ್ವಲ್ಪ ಬಿಸಿಯೇರಿಸಿದ ನೀರಿನಲ್ಲಿ ಮುಂದುವರಿಸಿದ್ದರು. ಮತ್ತೆ ಯಾವುದನ್ನು ಮಾಡುತ್ತೀರಿ ಎಂದಾಗ ಹೆಚ್ಚಿನವರು ಎರಡನೆಯದನ್ನು ಆರಿಸಿಕೊಂಡರು, ಕೊನೆ ಸ್ವಲ್ಪ ಹಿತವಾಗಿತ್ತು ಎಂಬ ಕಾರಣಕ್ಕೆ. ಅಳು, ವಾಂತಿ, ನಿದ್ದೆಗೇಡು, ಸೋಮವಾರದ ಗಂಟೆ ಇವುಗಳಿಂದ ಕೊನೆಯಾಗುವ ರಜೆ ನೆನಪಿನಲ್ಲಿ ಹಾಗೆಯೇ ಉಳಿಯುತ್ತದೆ. ಮರಳುವ ದಿನ ಶೃಂಗೇರಿಯಲ್ಲಿ ಇಳಿದು ತುಂಗೆಯ ಮೀನುಗಳಿಗೆ ಮಂಡಕ್ಕಿ ಹಾಕಿ, ಅಲ್ಲಿಯೇ ಊಟ ಮಾಡಿ ಬಾಳೆಹೊನ್ನೂರಿನ ಮೇಲೆ ಹೊರಟರೆ ಆ ದಿನವೂ ರಜೆಯೇ ಆಗುತ್ತದೆ. ಶನಿವಾರ ಚೀಲ ಬಿಚ್ಚುವ ಕೆಲಸವನ್ನು ನಾಲ್ವರೂ ಹಂಚಿಕೊಳ್ಳಿ. ಉತ್ತರ ಪತ್ರಿಕೆಗಳನ್ನು ಹೊರಡುವ ಮೊದಲೇ ಅರ್ಧವಾದರೂ ಮುಗಿಸಲು ಸಾಧ್ಯವೇ ನೋಡಿ. ಸಾಧ್ಯವಾಗದಿದ್ದರೆ ದಯವಿಟ್ಟು ಅವನ್ನು ಕಡಲಿಗೆ ಹೊತ್ತುಕೊಂಡು ಹೋಗಬೇಡಿ.

ಅತ್ತೆಯವರ ವಿಷಯವನ್ನು ನೀವು ಕೇಳಿಲ್ಲ, ಆದರೂ ಒಂದು ಮಾತು. ವರ್ಷಕ್ಕೊಮ್ಮೆ ತಮ್ಮನ್ನು ಬಿಟ್ಟು ಹೋಗುವ, ಮರಳಿದ ಮೇಲೆ ಮುಖ ಬಾಡಿಸಿಕೊಂಡಿರುವ ಮನೆಮಂದಿಯನ್ನು ಅವರು ಹೇಗೆ ನೋಡುತ್ತಿರಬಹುದು? ಒಂದು ವರ್ಷವಾದರೂ ನೆಲಮಹಡಿಯ ಮನೆ ಹುಡುಕಿ ಕರೆದುಕೊಂಡು ಹೋಗುವ ಸಾಧ್ಯತೆಯನ್ನು ಯೋಚಿಸಿ. ನಿಮ್ಮ ವಿರಾಮ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ ಎಂಬುದೂ ನಿಜ. ಆದ್ದರಿಂದ ಇದು ಕರ್ತವ್ಯವೆಂದಲ್ಲ, ನಿಮ್ಮ ಮನಸ್ಸು ಒಪ್ಪಿದರೆ ಮಾತ್ರ.

ಎರಡು ವಾರ ಕಳೆದರೂ ನಿಮ್ಮಲ್ಲಿ ಅಥವಾ ಮಕ್ಕಳಲ್ಲಿ ಬೇಸರ ಇಳಿಯದಿದ್ದರೆ, ನಿದ್ರೆ ಮತ್ತು ಊಟ ಕೆಟ್ಟರೆ, ಮಗಳು ಶಾಲೆಯನ್ನು ಪೂರ್ತಿ ನಿರಾಕರಿಸಿದರೆ, ಮಗ ಗೆಳೆಯರಿಂದಲೂ ದೂರ ಸರಿದರೆ, ತಜ್ಞರನ್ನು ಕಾಣಬೇಕು. ಬದುಕಿರುವುದೇ ಬೇಡ ಎಂಬಂಥ ಮಾತು ಯಾರ ಬಾಯಲ್ಲಿ ಬಂದರೂ ಎರಡು ವಾರ ಕಾಯಬೇಡಿ, ಅಂದೇ ತಜ್ಞರನ್ನು ಕಾಣಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಅಡಿಯಲ್ಲಿ ನಿಮ್ಮ ಜಿಲ್ಲೆಯಲ್ಲಿಯೂ ಸರ್ಕಾರಿ ಸೇವೆ ಇದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಿ ಕರೆ ಮಾಡಿದರೂ ಉಚಿತವಾಗಿ ಕನ್ನಡದಲ್ಲಿ ಮಾತನಾಡಬಹುದು.

ಮುಂದಿನ ವರ್ಷದ ದಿನಾಂಕವನ್ನು ಮಗಳಿಗೆ ಹೇಳಬಹುದೇ ಎಂದು ಕೇಳಿದ್ದೀರಿ. ಬ್ಯಾಂಕಿನ ರಜೆ ಮಂಜೂರಾಗುವ ಮೊದಲು ದಿನಾಂಕ ಹೇಳಬೇಡಿ. ಅದು ತಪ್ಪಿದರೆ ಈಗಿನದಕ್ಕಿಂತ ದೊಡ್ಡ ಅಳುವನ್ನು ಎದುರಿಸಬೇಕಾಗುತ್ತದೆ. ದಸರಾ ರಜೆಯಲ್ಲಿ ಹೋಗುವ ಆಸೆ ನಮಗೂ ಇದೆ, ತಾರೀಖು ಗೊತ್ತಾದ ದಿನ ಮೊದಲು ನಿನಗೇ ಹೇಳುತ್ತೇವೆ ಎಂದಷ್ಟೇ ಹೇಳಿ. ಒಂಬತ್ತು ವರ್ಷದವಳಿಗೆ ಒಂದು ವರ್ಷ ಬಹಳ ದೂರ. ವಿಜಯದಶಮಿಯಾಗಿ ಇಪ್ಪತ್ತು ದಿನಕ್ಕೆ ದೀಪಾವಳಿ ಬರುತ್ತದೆ. ಅದಕ್ಕೆ ಯಾರು ಬರಬೇಕು, ಏನು ಕಜ್ಜಾಯ ಮಾಡಬೇಕು ಎಂಬುದನ್ನು ಅವಳಿಗೇ ಒಪ್ಪಿಸಿ, ಪಟ್ಟಿ ಬರೆಯಲು ಆ ನೋಟ್‌ಬುಕ್ಕಿನಲ್ಲಿಯೇ ಒಂದು ಹಾಳೆ ಕೇಳಿ.